ಬಾಲದಲ್ಲಿ ನೀರಿದ್ದ ಹೆಸರು

ನಕ್ಷೆಯಲ್ಲಿ ನಮ್ಮ ಜಿಲ್ಲೆಗೆ ಒಂದೇ ಚುಕ್ಕೆ.
ನೊಣ ಕೂತು ಎದ್ದುಹೋದಷ್ಟು.
ಆ ಚುಕ್ಕೆ ನಾನು.

ಪಾಸ್ಲೋ.
ಇಡೀ ಫ್ರಾನ್ಸಿನಲ್ಲಿ ನಲವತ್ತೊಂದು ಜನ:
ಲೀಲ್‌ನಲ್ಲಿ ಹಲ್ಲಿನ ವೈದ್ಯೆಯೊಬ್ಬಳು, ಅವಳ ಮೂವರು ಮಕ್ಕಳು,
ತುಲೂಸಿನಾಚೆ ಒಂದು ಟೈರಿನ ಅಂಗಡಿ,
ಬ್ರೆಸ್ಟಿನಲ್ಲೊಬ್ಬ ನನ್ನ ಕಾಗದಕ್ಕೆ ಉತ್ತರ ಬರೆದ
ಇನ್ನು ಬರೆಯಬೇಡಿ ಎಂದು.
ಉಳಿದವರು ಪ್ಯಾರಿಸ್ಸಿನ ಸುತ್ತ,
ರೈಲು ತಿರುಗುವ ಕಡೆಯೆಲ್ಲ ಚೆಲ್ಲಿದ ಕಾಳು.

ಮೊದಲಿಗೆ ಅದು ಹೆಸರಲ್ಲ, ಕೂಗು.
ಆಚೆ ದಡದಲ್ಲಿ ನಿಂತು, ಬಾಯಿಗೆ ಕೈ ಹಿಡಿದು
ಉಪ್ಪಿನ ವ್ಯಾಪಾರಿಯೋ ಸೂಲಗಿತ್ತಿಯೋ
ಪಾಸ್... ಲೋ... ಎಂದು.
ನೀರು ದಾಟಿಸೋ ಮಾರಾಯ.
ಅಲ್ಯೇ ನದಿಯ ಮಂಜಿನೊಳಗಿಂದ
ಚಪ್ಪಟೆ ದೋಣಿಯೊಂದು ಕೆಮ್ಮುತ್ತ ಬರುತ್ತಿತ್ತು.
ಕೆಮ್ಮು ದೋಣಿಯದಲ್ಲ, ಅಂಬಿಗನದು.

ಸಾವಿರದ ಆರುನೂರ ನಲವತ್ತಮೂರರಲ್ಲಿ
ಪಾದ್ರಿ ಅವನ ಮಗುವಿನ ನೆತ್ತಿಗೆ ನೀರು ಹಾಕಿ
ಪುಸ್ತಕ ತೆರೆದು, ಹೆಸರಿನ ಬಾಲಕ್ಕೂ ನೀರು ಬಿಟ್ಟ:
ಮೂರು ಅಕ್ಷರ, ಮೂರೂ ಸ್ವರ,
ಬಾಯಿಗೆ ಬರುವಾಗ ಬರೀ ಒಂದು ಓ.
ಇಲ್ಲಿಯ ಮಾತಿನಲ್ಲಿ ನೀರೆಂದರೆ ಅಷ್ಟೇ,
ದುಂಡಗೆ ತೆರೆದ ತುಟಿ.

ನೂರೈವತ್ತು ವರ್ಷ ಹಾಗೇ ಹರಿಯಿತು.
ಆಮೇಲೆ ಕ್ರಾಂತಿಯಾಗಿ, ಪುಸ್ತಕ ಪಾದ್ರಿಯ ಕೈಯಿಂದ
ಗುಮಾಸ್ತನ ಕೈಗೆ ಬಂತು. ಅವನಿಗೆ ಅವಸರ.
ಅಣ್ಣನ ಹೆಸರಿಗೆ ನೀರು ಉಳಿಸಿದ.
ತಮ್ಮನ ಹೆಸರಿನ ತುದಿಗೆ
ಒಣಕಡ್ಡಿಯಂಥ ಒಂದು ಅಕ್ಷರ ನೆಟ್ಟ,
ಯಾರೂ ಉಚ್ಚರಿಸದ್ದು.
ಕಿವಿಗೆ ಇಬ್ಬರೂ ಒಂದೇ.
ಆಸ್ತಿ ಪಾಲಾಗುವಾಗ ಮಾತ್ರ ಗೊತ್ತಾಯಿತು
ಒಬ್ಬ ಒದ್ದೆ, ಒಬ್ಬ ಒಣ.

ಒಣ ಕವಲು ಕೆನಡಾದ ಹಡಗು ಹತ್ತಿತು.
ಒದ್ದೆ ಕವಲು ಇಲ್ಲೇ ಹುಟ್ಟು ಹಾಕುತ್ತ ಉಳಿಯಿತು
ಸೇತುವೆ ಬರುವ ತನಕ.
ಆಮೇಲೆ ಯುದ್ಧ. ಚರ್ಚಿನೆದುರಿನ ಕಲ್ಲಿನಲ್ಲಿ
ನಾಲ್ಕು ಪಾಸ್ಲೋ, ಒಬ್ಬನ ಕೆಳಗೊಬ್ಬ:
ಅಂತೆಲ್ಮ್, ಫಿರ್ಮಾಂ, ಲಿಯೋಂಸ್, ಮತ್ತೆ ಫಿರ್ಮಾಂ.
ಎರಡನೇ ಫಿರ್ಮಾಂ ದಾಯಾದಿಯೋ ಕೆತ್ತಿದವನ ಕೈತಪ್ಪೋ
ಯಾರನ್ನು ಕೇಳುವುದು?

ಇನ್ನು ನನ್ನ ವಿಚಾರ.
ಹುಟ್ಟಿದ್ದು ಕಾರ್ವಾಲ್ಯು ಆಗಿ. ಓಕ್ ಮರ ಎಂದರ್ಥ.
ಪೋರ್ಚುಗಲ್ಲಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ
ಒಬ್ಬ ಕಾರ್ವಾಲ್ಯುಗೆ ತಾಗುತ್ತದೆ.
ಅಪ್ಪ ಬಂದದ್ದು ಇದೇ ಸೇತುವೆಯ ಕಾಲಿಗೆ, ದಡದ ಗೋಡೆಗೆ
ಸಿಮೆಂಟು ಮೆತ್ತಲು.
ಹೆಸರು ಕೊಟ್ಟವನು ಗಿಲೇಂ;
ಏಳು ವರ್ಷ ಸಂಸಾರ ಮಾಡಿ ನೂಮೆಯಾಕ್ಕೆ ಹೋದ,
ಫ್ರಾನ್ಸಿನ ನಕ್ಷೆಯ ಮೂಲೆಯಲ್ಲಿ
ಬೇರೆ ಚೌಕ ಹಾಕಿ ತೋರಿಸುವ ಜಾಗ.
ಹಳೆಯ ಹೆಸರು ವಾಪಸು ಬೇಕೇ, ಎಂದರು ನ್ಯಾಯಾಧೀಶೆ.
ಅಂಚೆಪೆಟ್ಟಿಗೆಯ ಹಿತ್ತಾಳೆ ಪಟ್ಟಿಗೆ
ಆಗಲೇ ದುಡ್ಡು ಕೊಟ್ಟಾಗಿತ್ತು.
ಬೇಡ ಎಂದೆ.

ಕಳೆದ ಮೇ ತಿಂಗಳಲ್ಲಿ ಕ್ವಿಬೆಕ್‌ನಿಂದ ಬಂದ ಒಣ ಕವಲಿನವನು.
ಎಂಬತ್ತು ವರ್ಷ, ಕಚ್ಚುವ ಹೊಸ ಬೂಟು,
ಎದೆಗವಚಿದ ಕಡತ.
ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು
ಇದೇ ಮೂಗು, ನಮ್ಮಜ್ಜನದು, ಎಂದ.
ನನ್ನ ಮೂಗು ಬ್ರಾಗಾದ ಗಾರೆ ಮೇಸ್ತ್ರಿಯದು.
ಹೇಳಬೇಕೆಂದು ಬಾಯಿ ತೆರೆದೆ.
ಓ ಎಂದಷ್ಟೇ ಬಂತು.

ಸೇತುವೆಯ ಕೆಳಗೆ ಕರೆದೊಯ್ದೆ.
ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆ ಎಲ್ಲಿದೆಯೆಂದು
ಊರಿನಲ್ಲಿ ನನಗೊಬ್ಬಳಿಗೇ ಗೊತ್ತು;
ಸಿಮೆಂಟು ಮೆತ್ತುವಾಗ ಅಪ್ಪ ಅದೊಂದನ್ನು ಮುಚ್ಚದೆ ಬಿಟ್ಟಿದ್ದ.
ಮುದುಕ ಮೊಣಕಾಲೂರಿ ಅದರೊಳಗೆ ಬೆರಳು ತೂರಿಸಿದ.
ಆಚೆ ದಡದಲ್ಲಿ ಯಾರೋ ನಾಯಿಯನ್ನು ಕೂಗುತ್ತಿದ್ದರು.
ಇಬ್ಬರೂ ತಿರುಗಿ ನೋಡಿದೆವು.