ಹಿಮದ ಮೇಲೆ ಸುಣ್ಣ

ಹನ್ನೊಂದು ವರ್ಷ ಯಾರೂ ದೂರು ಕೊಡಲಿಲ್ಲ.
ಏನೆಂದು ಕೊಡುವುದು? ಗ್ರೋವಾಟ್ನ್ ಸರೋವರ
ವರ್ಷದಿಂದ ವರ್ಷಕ್ಕೆ ತಿಳಿಯಾಗುತ್ತಿತ್ತು.
ಎಂಟು ಮಾರು ಆಳದಲ್ಲಿ ಮುಳುಗಿದ ಹಳೆಯ ದೋಣಿಯ
ಮೊಳೆಗಳನ್ನು ಮೇಲಿಂದಲೇ ಎಣಿಸಬಹುದಿತ್ತು.
ಓಸ್ಲೋದಿಂದ ಬಂದವರು ಫೋಟೋ ತೆಗೆದು
ಆಹಾ, ಕನ್ನಡಿ! ಎಂದರು.
ಸಿಗ್‌ಬ್ಯೋರ್ನ್ ಖಾಲಿ ಬಲೆಯನ್ನು ಬೇಲಿಗೆ ಹರವುತ್ತ
ಕನ್ನಡಿಯಲ್ಲಿ ಮೀನು ಹಿಡಿದವರುಂಟೇ, ಎಂದನಂತೆ.

ನಾನು ಅಲ್ಲಿಗೆ ಹೋದದ್ದು ಮೀನಿಗಾಗಿ ಅಲ್ಲ,
ಕೂದಲಿಗಾಗಿ.
ಅವನ ಮಗಳು ರಾಗ್ನ್‌ಫ್ರಿಡ್, ಒಂಬತ್ತು ವರ್ಷ.
ತೆನೆಬಣ್ಣದ ಜಡೆ ಮಿಂದಷ್ಟೂ ಹಸಿರಾಗುತ್ತ ಬಂದು
ಶಾಲೆಯಲ್ಲಿ ಅವಳ ಹೆಸರು ಪಾಚಿ ಎಂದಾಗಿತ್ತು.
ಬಾವಿಯ ನೀರು ತಾಮ್ರದ ಕೊಳವೆಯನ್ನು
ಒಳಗೊಳಗೇ ನೆಕ್ಕಿ
ನೆಕ್ಕಿದ್ದನ್ನೆಲ್ಲ ಮಗುವಿನ ನೆತ್ತಿಗೆ ಸುರಿದಿತ್ತು.

ಸರೋವರಕ್ಕೆ ಗಾಜಿನ ಕಡ್ಡಿ ಅದ್ದಿದೆ.
ಮುಳ್ಳು ನಡುಗಿ, ತಡೆದು, ನಿಂತಿತು:
ನಾಲ್ಕು ಪಾಯಿಂಟ್ ಏಳು.
ಏಳಿದ್ದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಎಂದೆ.
ಎರಡು ಚಿಲ್ಲರೆ ಕಡಿಮೆ, ಅಷ್ಟೇ ತಾನೆ?
ಅಷ್ಟೇ ಅಲ್ಲ ಸಿಗ್‌ಬ್ಯೋರ್ನ್. ಈ ಏಣಿಯಲ್ಲಿ
ಒಂದು ಮೆಟ್ಟಿಲಿಳಿದರೆ ಹುಳಿ ಹತ್ತು ಪಟ್ಟು,
ಎರಡಿಳಿದರೆ ನೂರು,
ನಿನ್ನ ನೀರು ಇನ್ನೂರರ ಹತ್ತಿರ ಕೂತಿದೆ.
ಅವನು ಬೊಗಸೆಯಲ್ಲೆತ್ತಿ ಕುಡಿದ. ಹುಳಿಯೇ ಇಲ್ಲವಲ್ಲ!
ನಾಲಿಗೆಗೆ ಹತ್ತದ ಹುಳಿ
ಕಿವಿರಿಗೆ ಹತ್ತುತ್ತದೆ.

ಹಿಂಡಿದವರು ಯಾರು?
ಯಾರೆಂದು ಹೇಳಲಿ. ಕಡಲಾಚೆ ಯಾವುದೋ ಊರಲ್ಲಿ
ಕಲ್ಲಿದ್ದಲು ಉರಿದು ಯಾರದೋ ದೀಪ ಬೆಳಗಿತು,
ಹೊಗೆಯ ಗಂಧಕ ಮೋಡ ಹತ್ತಿ ಬಂದು ಇಲ್ಲಿಳಿಯಿತು.
ಇಲ್ಲಿಯ ನೆಲವೋ ಬರೀ ಗ್ರಾನೈಟು,
ಬೇಡಿದರೆ ಒಂದು ಚಿಟಿಕೆ ಸುಣ್ಣ ಬಿಚ್ಚದ ಜಿಪುಣ.

ಅಡುಗೆಮನೆಯಲ್ಲಿ ಅಜ್ಜಿ ಗುನ್‌ವೋರ್
ಬರ್ಚ್ ಮರದ ಬೂದಿನೀರಲ್ಲಿ ಒಣಮೀನು ನೆನೆಹಾಕಿದ್ದಳು.
ಇದರ ನಂಬರು ಎಷ್ಟು?
ಹನ್ನೊಂದರ ಮೇಲೆ. ಬೆರಳಿಡಬೇಡಿ.
ಎಪ್ಪತ್ತು ವರ್ಷದಿಂದ ಇಟ್ಟಿದ್ದೇನೆ, ಎಂದು ನಕ್ಕು
ಜಾರುವ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ತೋರಿಸಿದಳು.
ಹುಳಿ ಸುಡುತ್ತದೆ ಸರಿ, ಬೂದಿಯೂ ಯಾಕೆ?

ನಾನು ಕಾಫಿ ಆರುವವರೆಗೆ ಯೋಚಿಸಿ ಹೇಳಿದೆ:
ಆಮ್ಲಕ್ಕೆ ಕೊಡುವ ಅವಸರ. ತನ್ನಲ್ಲಿಯ
ಒಂದು ಅತಿ ಸಣ್ಣ ಕಣವನ್ನು
ಯಾರ ಮಡಿಲಿಗಾದರೂ ಎಸೆಯದೆ ನಿಲ್ಲದು.
ಕ್ಷಾರಕ್ಕೆ ಕಸಿಯುವ ಹಸಿವು.
ಕೊಟ್ಟು ಸುಡುವುದು ಒಂದು, ಕಿತ್ತು ಸುಡುವುದು ಇನ್ನೊಂದು.
ಎರಡೂ ಎದುರಾದರೆ?
ನೀರು. ಮತ್ತೆ ಒಂದಿಷ್ಟು ಉಪ್ಪು. ಸ್ವಲ್ಪ ಬಿಸಿ.
ಗುನ್‌ವೋರ್ ಕಿಟಕಿಯಾಚೆ ನೋಡುತ್ತ ಅಂದಳು:
ನಮ್ಮ ಮದುವೆಯೂ ಹಾಗೇ ಇತ್ತು,
ಬಿಸಿ ಮಾತ್ರ ಸ್ವಲ್ಪ ಅಲ್ಲ.

ಮಾರ್ಚಿಯಲ್ಲಿ ಹದಿನೆಂಟು ಟನ್ ಸುಣ್ಣಕಲ್ಲ ಪುಡಿ ಬಂತು.
ಹೆಪ್ಪುಗಟ್ಟಿದ ಸರೋವರದ ಮೇಲೆ ಎಳೆದೊಯ್ದು ಹರಡಿದೆವು,
ಬಿಳುಪಿನ ಮೇಲೆ ಬಿಳುಪು, ಎಲ್ಲಿ ಹಾಕಿದೆವು ಎಲ್ಲಿ ಬಿಟ್ಟೆವು
ನಮಗೇ ತಿಳಿಯದಂತೆ.
ಆಕಾಶ ನೋಡುತ್ತ ಮಲಗಿದ್ದ
ಆ ಒಂದು ಕಣ್ಣಿಗೆ ಮಾತ್ರ
ಸುಣ್ಣವೇ ಬೆಣ್ಣೆ.
ರಾಗ್ನ್‌ಫ್ರಿಡ್ ಒಂದು ಹಿಡಿ ಕದ್ದೊಯ್ದು
ವಿನಿಗರ್ ಸುರಿದು, ಬುಸುಗುಟ್ಟುವುದನ್ನು
ಕಿವಿಯಿಟ್ಟು ಕೇಳಿದಳು. ಏನೋ ಹೇಳ್ತಾ ಇದೆ, ಎಂದಳು.

ಮೇ ತಿಂಗಳಲ್ಲಿ ಹಿಮ ಒಡೆಯಿತು.
ಜೂನಿನಲ್ಲಿ ಮುಳ್ಳು ಆರು ದಾಟಿ ನಿಂತಿತು.
ಟ್ರೌಟ್ ಮರಿಗಳನ್ನು ಬಕೆಟ್ಟಿನಿಂದ ಬಿಟ್ಟೆವು.
ಆಗಸ್ಟಿಗೆ ನೀರು ತುಸು ಮಂಕಾಗಿ, ಕಂದಾಗಿ
ದೋಣಿಯ ಮೊಳೆಗಳು ಕಾಣದಾದವು.
ಕನ್ನಡಿ ಹಾಳಾಯಿತೆಂದು ಓಸ್ಲೋದವರು ಮರುಗಿದರು.
ಸಿಗ್‌ಬ್ಯೋರ್ನ್ ದಡದಲ್ಲಿ ಕುಕ್ಕರಗಾಲಲ್ಲಿ ಕೂತು
ಕೊಳೆ, ಎಂದ. ಮಗುವಿನ ಮೊದಲ ಹಲ್ಲು ಕಂಡವನ ದನಿಯಲ್ಲಿ
ಮತ್ತೊಮ್ಮೆ: ಕೊಳೆ.

ಮೂರು ವರ್ಷಕ್ಕೆ ಇದು ಕರಗುತ್ತದೆ, ಮತ್ತೆ ಹಾಕಬೇಕು, ಎಂದೆ.
ದುಡ್ಡು ಯಾರದು ಎಂದು ಅವನು ಕೇಳಲಿಲ್ಲ,
ನನಗೂ ಗೊತ್ತಿರಲಿಲ್ಲ.

ಹೊರಡುವಾಗ ರಾಗ್ನ್‌ಫ್ರಿಡ್ ಒಂದು ಲಕೋಟೆ ತಂದಳು.
ಒಳಗೆ ಕತ್ತರಿಸಿದ ಜಡೆ, ಇನ್ನೂ ಹಸಿರು.
ಇದಕ್ಕೂ ಕಡ್ಡಿ ಇಟ್ಟು ನೋಡು, ನಂಬರು ಎಷ್ಟು?
ಕೂದಲಿಗೆ ನಂಬರು ಇರುವುದಿಲ್ಲ, ಎಂದೆ.
ನನ್ನನ್ನೇ ನೋಡಿದಳು,
ನಂಬಲಿಲ್ಲ.