ಪೆರ್ಲ – ಸ್ವರ್ಗ

ಎಲ್ಲರೂ ಹೇಳಿದರು, ಸಣ್ಣದೊಂದು ಕಾರು ತಕೊ.
ಬ್ಯಾಂಕಿನ ಶ್ಯಾಮಲ ಹೇಳಿದಳು, ಲ್ಯಾಬಿನ ಜಸೀಲ ಹೇಳಿದಳು,
ರಕ್ತ ಪರೀಕ್ಷೆಗೆ ತೋಳು ಚಾಚಿ ಕೂತವರೂ
ಸೂಜಿ ಚುಚ್ಚುವ ಮೊದಲು ಹೇಳಿದರು:
ಈ ಪ್ರಾಯದಲ್ಲಿ ಹೆಂಗಸಿಗೆ ಜೀಪು ಎಂಥದಕ್ಕೆ?

ಮಮ್ಮುಂಞಿಯವರ ಅಂಗಳದಲ್ಲಿ, ಹಲಸಿನ ಮರದ ಕೆಳಗೆ
ತೊಂಬತ್ತಾರರ ಮಾಡೆಲು.
ಬಾನೆಟ್ಟಿನ ಮೇಲೆ ಒಣಗಿದ ಎಲೆ, ಒಂದು ಕೋಳಿ.
ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದ
ಅಯಸ್ಕಾಂತದ ಚಿಟ್ಟೆಯನ್ನು ಮಡ್‌ಗಾರ್ಡಿಗೆ ಹಚ್ಚಿದೆ.
ಕೆಲವು ಕಡೆ ಕಚ್ಚಿತು. ಕೆಲವು ಕಡೆ ಜಾರಿ ಬಿತ್ತು.
"ಅಲ್ಲಿ ಪುಟ್ಟಿ," ಎಂದರು ಮಮ್ಮುಂಞಿ, ಮುಚ್ಚುಮರೆಯಿಲ್ಲದೆ,
"ಅದು ಎರಡು ಸಾವಿರದ ನಾಲ್ಕರಲ್ಲಿ ಬಸ್‌ಸ್ಟಾಪಿನ ಕಟ್ಟೆ.
ಇದು ನನ್ನ ತಮ್ಮನ ಮದುವೆ."
ಒಂದೊಂದು ಗುಳಿಗೂ ಅವರಲ್ಲಿ ತಾರೀಕಿತ್ತು.

ಲೂವಿಸ್ ಅಡಿಗೆ ನುಗ್ಗಿದ, ಚಪ್ಪಲಿ ಮಾತ್ರ ಹೊರಗೆ.
ಸ್ಪಾನರಿನಿಂದ ಚಾಸಿಗೆ ತಟ್ಟಿ ತಟ್ಟಿ ಕಿವಿಗೊಟ್ಟ,
ಹಲಸು ಬೆಳೆದಿದೆಯೋ ಎಂದು ನೋಡುವವರ ಹಾಗೆ.
ಎಣ್ಣೆ ಸೋರ್ತದಲ್ಲ, ಎಂದೆ.
"ಮಳೆಗಾಲದಲ್ಲಿ ಮೂಗು ಸೋರದವರು ಯಾರುಂಟು ಟೀಚರೇ?"
ನಾನು ಟೀಚರಲ್ಲ. ತಿದ್ದಲಿಲ್ಲ.

ಲಕ್ಷದ ಎಪ್ಪತ್ತಕ್ಕೆ ಮಾತು ಮುಗಿಯಿತು.
ಆರ್‌ಸಿ, ಎರಡು ಕೀ, ಕಿಟಕಿಗೆ ಕಟ್ಟುವ ರೆಕ್ಸಿನ್ ಪರದೆ.
"ಹಾರ್ನು ಮಾತ್ರ ಬದಲಿಸಬೇಡಿ," ಎಂದರು.
ಯಾಕೆಂದು ಕೇಳಲು ತೋಚಲಿಲ್ಲ.

ಕ್ಲಚ್ಚು ಕಾಲೊಂದರ ಕೆಲಸವಲ್ಲ, ಸೊಂಟವೂ ಬೇಕು.
ಸ್ಟೇರಿಂಗು ಕಾಲು ಸುತ್ತು ತಿರುಗಿದ ಮೇಲೆ
ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ.
ಬೆಳಗ್ಗೆ ಹೀಟರಿನ ಕೆಂಪು ದೀಪ ನೋಡುತ್ತಾ
ಇಪ್ಪತ್ತರ ತನಕ ಎಣಿಸಬೇಕು;
ಹನ್ನೆರಡಕ್ಕೇ ಕೀ ತಿರುಗಿಸಿದರೆ
ಕೆಮ್ಮಿ ಮಲಗಿಬಿಡುತ್ತದೆ.
ನನ್ನೊಳಗೆ ಅವಸರ ಎಷ್ಟಿತ್ತೆಂದು
ಆ ಎಂಟು ಅಂಕೆಗಳಲ್ಲಿ ಗೊತ್ತಾಯಿತು.

ನನಗೆ ಬೇಕಾದದ್ದು ಇಷ್ಟೇ:
ಹತ್ತೊಂಬತ್ತು ವರ್ಷ ಆರೂಮುಕ್ಕಾಲರ ಬಸ್ಸಿನಲ್ಲಿ
ಯಾರದೋ ಮೊಣಕೈಯ ಕೆಳಗೆ ನಿಂತವಳಿಗೆ
ನನ್ನದೇ ಒಂದು ಸೀಟು, ಮಾತಿಲ್ಲದ ಅರ್ಧ ಗಂಟೆ.
ಮತ್ತೆ ಮನೆಯ ಕೊನೆಯ ಏರು,
ಕಾರುಗಳು ಹೊಟ್ಟೆ ತರಚಿಕೊಳ್ಳುವ ಮುರಕಲ್ಲು.
ಅಲ್ಲಿ ಕುಳ್ಳು ಲಿವರನ್ನು ಎಳೆದರೆ
ನಾಲ್ಕೂ ಚಕ್ರ ಎಚ್ಚರವಾಗಿ
ಎಮ್ಮೆಯ ಹಾಗೆ ತಲೆ ತಗ್ಗಿಸಿ ಹತ್ತುತ್ತದೆ,
ಯಾರಿಗೂ ಏನೂ ತೋರಿಸಿಕೊಡಬೇಕಿಲ್ಲದೆ.

ಗ್ಲಾಸಿನ ಮೇಲಿನ ಹಳೇ ಬೋರ್ಡನ್ನು
ಬ್ಲೇಡಿನಿಂದ ಕೆರೆದೆ, ಥಿನ್ನರ್ ಹಾಕಿ ಒರೆಸಿದೆ.
ಪೆರ್ಲ ಹೋಯಿತು. ನಡುವಿನ ಅಡ್ಡಗೆರೆ ಹೋಯಿತು.
ಎದುರುಬಿಸಿಲಿನ ತಿರುವುಗಳಲ್ಲಿ ಮಾತ್ರ
ಸ್ವರ್ಗ ಎಂಬುದು ತಿರುಗುಮುರುಗಾಗಿ
ನನ್ನ ಮಡಿಲ ಮೇಲೆ ಬೀಳುತ್ತದೆ.

ಮೂರನೇ ಸಂಜೆ, ಕಲ್ಲು ಕೋರೆಯ ಹತ್ತಿರ
ಸುಮ್ಮನೆ ಒಂದು ಹಾರ್ನು ಒತ್ತಿದೆ.
ಒಂದು ಕೈ ಎದ್ದಿತು.
ಬ್ರೇಕು ತುಳಿದದ್ದು ನಾನೋ ಜೀಪೋ, ಹೇಳಲಾರೆ.
ಕೊರಪೊಳಕ್ಕ, ಒಂದು ಗೋಣಿಚೀಲ, ಬೀಡಿ ಎಲೆಯ ಕಟ್ಟು.
ನನ್ನ ಮುಖ ನೋಡದೆ ಹಿಂದಿನಿಂದ ಹತ್ತಿ
ಹಳೇ ಕಂಬಿಯನ್ನು ಹಳೇ ಜಾಗದಲ್ಲೇ ಹಿಡಿದು ಕೂತಳು.
ಇದು ಸರ್ವೀಸಲ್ಲ ಅಕ್ಕಾ, ಎಂದೆ.
ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಅಥವಾ ಕೇಳಿತು.
ಮುಂದಿನ ತಿರುವಿನಲ್ಲಿ ಮತ್ತಿಬ್ಬರು.
ಯಾರಿಗೋ ಸಕ್ಕರೆ ಕಾಯಿಲೆ, ಯಾರದೋ ಹಸು ಈದದ್ದು,
ತುಳು, ಮಲಯಾಳ, ಕನ್ನಡ, ಒಂದೇ ಗೇರಿನಲ್ಲಿ.

ಸ್ವರ್ಗದಲ್ಲಿ ತಗಡಿಗೆ ಎರಡು ಸಲ ಬಡಿದಳು.
ಇಳಿದು, ಸೆರಗಿನ ಗಂಟು ಬಿಚ್ಚಿ
ಹತ್ತರ ನಾಣ್ಯ ಚಾಚಿದಳು.
ಬೇಡ ಎಂದೆ. ಪುನಃ ಬೇಡ ಎಂದೆ.
"ಸಾಲ ಮಾಡಿ ಸ್ವರ್ಗಕ್ಕೆ ಬರ್ಲಿಕ್ಕಾಗ್ತದಾ ಮಗಾ?"
ಡ್ಯಾಶಿನ ಸಂದಿಗೆ ತೂರಿಸಿ ನಡೆದಳು.

ಈಗ ಎರಡನೇ ಗೇರಿನಲ್ಲಿ ಕಿಣಿಕಿಣಿ ಸದ್ದು.
ಲೂವಿಸ್ ಬುಶ್ ಬದಲಿಸಿದ, ಬೋಲ್ಟು ಬಿಗಿದ,
ಪಕ್ಕದಲ್ಲಿ ಕೂತು ಪೆರ್ಲದ ತನಕ ಕಣ್ಣು ಮುಚ್ಚಿ ಕೇಳಿದ.
"ಎಲ್ಲಿಂದ ಬರ್ತದೆ, ನಿಮಗೇನಾದ್ರೂ ಅಂದಾಜುಂಟಾ ಟೀಚರೇ?"
ಇಲ್ಲ, ಎಂದೆ.
ಆಗಲೇ ಏಳು ನಾಣ್ಯವಾಗಿತ್ತು.