ಹಿಂಬದಿಯ ಹೊಲಿಗೆ

ಹಲ್ ಬಂದರಿನ ಬೆನ್ನಿಗೆ, ಮೆಥಡಿಸ್ಟ್ ಚಾಪೆಲಿನ ಹಿಂದೆ
ಒಂದು ತಗಡಿನ ಶೆಡ್ಡು.
ಶನಿವಾರ ಹತ್ತಕ್ಕೆ ಬೀಗ ತೆಗೆಯುವವನು ಸಿರಿಲ್.
ಮೀನುಹಡಗಿನ ಎಂಜಿನ್ನು ಬಿಚ್ಚಿ ಕಟ್ಟಿ ಸವೆದ ಬೆರಳು
ಈಗ ತೀರಿಹೋದ ಅಜ್ಜಿಯರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತದೆ.
ತುಕ್ಕು ತಿಂದವು, ಬೆಲ್ಟು ಕಡಿದವು, ಅಟ್ಟದಲ್ಲಿ ಮರೆತವು,
ಎಲ್ಲಕ್ಕೂ ಇಲ್ಲಿ ಪುನರುತ್ಥಾನ ಎಂದು ನಗುತ್ತಾನೆ.
ಚಾಪೆಲಿನವರು ನಗುವುದಿಲ್ಲ.

ಯಂತ್ರಗಳು ಹೋಗುವುದು ಮಲಾವಿಗೆ,
ಮಿಶನ್ನಿನ ಕಸುಬಿನ ಶಾಲೆಯೊಂದಕ್ಕೆ.
ಗೋಡೆಯ ಮೇಲೆ ಫೋಟೋ: ಹದಿನಾಲ್ಕು ಹುಡುಗಿಯರು,
ಹಸಿರು ಏಪ್ರನ್ನು, ಕೊರಳಿಗೆ ಅಳತೆ ಟೇಪು.
ನಗಿರಿ ಎಂದದ್ದಕ್ಕೆ ನಕ್ಕಿದ್ದಾರೆ, ಒಬ್ಬಳ ಹೊರತು.
ವಾರ ವಾರವೂ ನಾನು ನೋಡುವುದು ಅವಳನ್ನೇ.

ನಿನಗಿದನ್ನು ಯಾರು ಕಲಿಸಿದರು, ಡೋರೀನ್ ಕೇಳಿದಳು,
ಕಣ್ಣು ಮುಚ್ಚಿ ನಾನು ಬಾಬಿನ್ನಿಗೆ ದಾರ ಸುತ್ತುವಾಗ.
ಆಸ್ಪತ್ರೆಯ ಹರಿದ ಗೌನು ಹೊಲಿಯುವವಳು,
ಇಷ್ಟೇ ಅವಳಿಗೆ ಗೊತ್ತು.
ದೊಡ್ಡ ಮನಸ್ಸು ನಿನ್ನದು ಎಂದು ಬಿಸ್ಕತ್ತು ಕೊಟ್ಟಳು.
ದೊಡ್ಡದೇನಲ್ಲ ಡೋರೀನ್, ಹಳೆಯ ಬಾಕಿ.

ಬೆಟಗೇರಿಯಲ್ಲಿ, ಮಗ್ಗದ ಸದ್ದು ಮುಗಿಯುವಲ್ಲಿ
ಮಿಶನ್ ಕಂಪೌಂಡು, ಒಳಗೆ ಹೊಲಿಗೆ ಸಾಲಿ.
ಅವ್ವ ನನ್ನನ್ನಲ್ಲಿ ಬಿಟ್ಟದ್ದು ದೇವರಿಗಾಗಿ ಅಲ್ಲ,
ಮಧ್ಯಾಹ್ನದ ರೊಟ್ಟಿಗಾಗಿ.
ದೇವರು ರೊಟ್ಟಿಯ ಜೊತೆಗೆ ಬಂದ, ಪಲ್ಯದ ಹಾಗೆ.
ಬೇಡವೆನ್ನಲಿಲ್ಲ; ಇನ್ನಷ್ಟು ಹಾಕಿ ಎಂದೂ ಅನ್ನಲಿಲ್ಲ.
ಜಾತಿ ಕೊಟ್ಟು ಕತ್ತರಿ ತಂದಳು, ಓಣಿ ಆಡಿಕೊಂಡಿತು.
ಇರಬಹುದು.
ಆ ಕತ್ತರಿ ಅವ್ವನ ಸಾಲ ಕತ್ತರಿಸಿತು.
ನಮ್ಮ ನೆರಳಿಗೆ ದಾರಿ ಬದಲಿಸುತ್ತಿದ್ದ ದೇಸಾಯರ ಸೊಸೆ
ಕುಬಸದ ಅಳತೆಗೆ ನನ್ನೆದುರು ಕೈ ಎತ್ತಿ ನಿಂತಳು,
ಉಸಿರು ಬಿಗಿ ಹಿಡಿದು.
ಮುಟ್ಟದೆ ಅಳೆಯಲು ಬರುವುದಿಲ್ಲವಲ್ಲ.

ಮಿಲ್ಕಾ ಅಕ್ಕೋರು ಬಟ್ಟೆಯ ಮುಖ ನೋಡುತ್ತಿರಲಿಲ್ಲ,
ತಿರುವಿ ಹಿಂಬದಿ ನೋಡುವವರು.
‘ಮುಂದ ಎಲ್ಲಾರದೂ ಚಂದನ ಇರತೈತಿ. ಹಿಂದ ತೋರಸು.’
ಗಂಟು ಕಂಡರೆ, ‘ಬಿಚ್ಚು.’
ಒಂದೇ ಒಂದು ಕಾಜಾ ಹನ್ನೊಂದು ಸಲ ಬಿಚ್ಚಿದ್ದೇನೆ,
ಅಂದು ಇಡೀ ಸಾಲಿ ಮನೆಗೆ ಹೋದ ಮೇಲೂ.

ಮೊನ್ನೆ ಮಲಾವಿಯಿಂದ ಪತ್ರ. ಸಿರಿಲ್ ಜೋರಾಗಿ ಓದಿದ:
ಕೃತಜ್ಞತೆ ಎರಡು ಪುಟ, ಪ್ರಾರ್ಥನೆ ಅರ್ಧ ಪುಟ,
ಕಡೆಗೆ ಸಣ್ಣಕ್ಷರದಲ್ಲಿ ಹೊಲಿಗೆಯ ಟೀಚರು ಮಿಸೆಸ್ ಚಿಸಾಲೆ:
ಹುಡುಗಿಯರು ಚೆನ್ನಾಗಿ ಹೊಲಿಯುತ್ತಾರೆ. ಕೊಳ್ಳುವವರಿಲ್ಲ.
ಸಂತೆಯಲ್ಲಿ ನಿಮ್ಮ ಕಡೆಯ ಹಳೆಯ ಅಂಗಿಗಳ ರಾಶಿ;
ನಮ್ಮ ಒಂದು ಗಜ ಬಟ್ಟೆಯ ಬೆಲೆಗೆ ಮೂರು ಅಂಗಿ.

ಸಿರಿಲ್ ಕನ್ನಡಕ ತೆಗೆದ.
ಶೆಡ್ಡಿನ ಆ ಮೂಲೆಯನ್ನು ಎಲ್ಲರೂ ನೋಡಿದೆವು, ನೋಡದಂತೆ.
ಚಾಪೆಲಿಗೆ ಬಂದ ದಾನದ ಬಟ್ಟೆ, ಕಪ್ಪು ಚೀಲಗಳು ಸೂರಿನ ತನಕ.
ಅದೇ ಲಾರಿ, ಅದೇ ಸೋಮವಾರ, ಅದೇ ಬಂದರು.
ಡೋರೀನ್ ಚಹಾಕ್ಕೆ ನೀರಿಟ್ಟಳು.
ಈ ಊರಲ್ಲಿ ಮಾತು ನಿಂತಾಗಲೆಲ್ಲ ನೀರು ಕುದಿಯುತ್ತದೆ.

ಕೊಟ್ಟ ಕೈ ಯಾವುದು, ಕಿತ್ತ ಕೈ ಯಾವುದು,
ಎರಡಕ್ಕೂ ಒಂದೇ ಮಾದರಿಯ ಉಣ್ಣೆಯ ಗವಸು.

ನನ್ನ ಪಾಲಿನ ಯಂತ್ರ ಮುಗಿದಿತ್ತು.
ಪೆಟ್ಟಿಗೆಗೊಂದು ಬೈಬಲ್ ವಾಕ್ಯದ ಚೀಟಿ ಇಲ್ಲಿಯ ಪದ್ಧತಿ,
ಇಟ್ಟೆ.
ಆಮೇಲೆ ಕಪ್ಪು ಚೀಲದಿಂದ ಗಂಡಸಿನ ಅಂಗಿಯೊಂದನ್ನೆಳೆದು
ತೋಳು ಬಿಚ್ಚಿದೆ, ಕಾಲರು ಬಿಚ್ಚಿದೆ,
ಆರು ವರ್ಷದ ಮಗುವಿಗೊಂದು ಫ್ರಾಕು ಹೊಲಿದೆ.
ಸಂತೆ ಇದರಿಂದ ತಿರುಗುವುದಿಲ್ಲ, ಗೊತ್ತು.
ಮಿಸೆಸ್ ಚಿಸಾಲೆಗೆ ಇದು ಗೊತ್ತಿಲ್ಲದ ವಿದ್ಯೆಯೂ ಅಲ್ಲ.
ಆದರೂ ಸೂಜಿಯ ಕೆಳಗೆ ಮಡಚಿಟ್ಟೆ, ಹಿಂಬದಿ ಮೇಲಾಗಿ.

ತೋಳಿನ ಸಂದಿಯಲ್ಲಿ ಒಂದು ಗಂಟು ಉಳಿದಿದೆ.
ನಗದ ಆ ಹುಡುಗಿ ಕಂಡುಹಿಡಿಯುತ್ತಾಳೆ,
ಬಿಚ್ಚು ಅನ್ನುತ್ತಾಳೆ ತನ್ನ ಭಾಷೆಯಲ್ಲಿ,
ಸಮುದ್ರದ ಈಚೆ ಇರುವ ನನಗೆ.